ತಲೆಕೆಳಗಾದ ಬಾಗಿಲಿನ ಬೀರು

"ಬಣ್ಣ ಕೆರೀಬೇಡ," ಎಂದ ಲಿನ್ವಲ್. "ಬೇಕಾದ್ರೆ ಅದರ ಮೇಲೇ ಇನ್ನೊಂದು ಬಣ್ಣ ಬಳಿ. ಹೂವು ಬರಿ, ಹಕ್ಕಿ ಬರಿ, ನಿನ್ನಿಷ್ಟ. ಕೆರೀಬೇಡ ಅಷ್ಟೆ. ಬಾಗಿಲೂ ಹಾಗೇ ತಲೆಕೆಳಗಾಗೇ ಇರ್ಲಿ."

ಒನೀಕ ನಕ್ಕುಬಿಟ್ಟಳು.

ಫಾಲ್ಮತ್ ಊರಿನ ಹಿಂಬದಿಯಲ್ಲಿ, ಕಡಲ ಜೊಂಡಿನ ವಾಸನೆ ಸದಾ ಹೊಡೆಯುವ ಓಣಿಯ ಕೊನೆಯಲ್ಲಿತ್ತು ಲಿನ್ವಲ್‌ನ ಅಂಗಳ. ಸತ್ತವರ ಮನೆಗಳಿಂದ ಬಂದ ಸಾಮಾನು ಅಲ್ಲಿ ತಗಡಿನ ಸೂರಿನ ಕೆಳಗೆ ಒಂದರ ಮೇಲೊಂದು ಬಿದ್ದಿರುತ್ತಿತ್ತು. ಕಾಲಿಲ್ಲದ ಮಂಚಗಳು, ಬೆತ್ತ ಹರಿದ ಕುರ್ಚಿಗಳು, ಗೆದ್ದಲು ಉದುರಿಸಿದ ಹಿಟ್ಟು. ಅವೆಲ್ಲದರ ಹಿಂದೆ, ಗೋಡೆಗೆ ಬೆನ್ನು ಕೊಟ್ಟು ನಿಂತಿತ್ತು ಆ ಬೀರು. ಹಾಗಲಕಾಯಿ ಹಸಿರು ಬಣ್ಣ, ಅದೂ ಕೈಗೆ ಬಂದ ಹಾಗೆ ಬಳಿದದ್ದು. ಬಾಗಿಲನ್ನು ಮಗುಚಿ ಕೂರಿಸಿದ್ದರು. ಹಿಡಿ ಮೊಣಕಾಲಿನ ಹತ್ತಿರವಿತ್ತು. ಬಾಗಿಲಿನ ಕನ್ನಡಿ ಹೊರಗೆ ನೋಡುವ ಬದಲು ಬೀರುವಿನ ಒಳಗಿನ ಕತ್ತಲೆಗೆ ಮುಖ ಮಾಡಿತ್ತು.

"ಈ ಬಾಗಿಲು ಹಾಕಿದ ಬಡಗಿ ಕುಡಿದಿದ್ನಾ?"

"ಹಾಕಿದ್ದು ನಾನೇ."

"ನೀವು ಕುಡಿದಿದ್ರಾ, ಮಾಸ್ ಲಿನ್ವಲ್?" ಎಂದಳು, ಊರಿನವರು ಹಿರಿಯರನ್ನು ಕರೆಯುವ ಹಾಗೆ.

ಮುದುಕ ನಗಲಿಲ್ಲ. "ಇದು ಒಬ್ಬ ದರ್ಜಿ ಹೆಂಗಸಿನದು. ಎಥಲೀನ್ ಅಂತ. ಅವಳು ಸತ್ತ ಒಂಬತ್ತನೇ ರಾತ್ರಿ ಹೀಗೆ ಮಾಡಿದ್ದು. ಯಾಕೆ ಅಂತ ನಿನಗೂ ಗೊತ್ತು."

ಗೊತ್ತಿರದೆ ಏನು. ಒಂಬತ್ತನೆಯ ರಾತ್ರಿ ಹಾಡು ಮುಗಿದು, ಮೇಕೆ ತಲೆಯ ಸಾರು ತಳ ಕಂಡ ಮೇಲೆ ಸತ್ತವರ ಮಂಚವನ್ನು ಇನ್ನೊಂದು ಗೋಡೆಗೆ ತಳ್ಳುವುದು, ಹಾಸಿಗೆಯನ್ನು ಎತ್ತಿ ನಿಲ್ಲಿಸುವುದು, ಮೇಜನ್ನು ತಿರುಗಿಸುವುದು. ಮರಳಿ ಬಂದ ಡಪ್ಪಿಗೆ ಗುರುತು ಸಿಗಬಾರದು. ಇದು ನನ್ನ ಮನೆಯಲ್ಲ ಎಂದುಕೊಂಡು ಆ ಪ್ರೇತ ಬಂದ ದಾರಿ ಹಿಡಿಯಬೇಕು. ಒನೀಕಳ ಅಜ್ಜಿ ಸತ್ತಾಗಲೂ ಮಾಡಿದ್ದರು. ಅವಳಿಗೆ ಮಾತ್ರ ಅದು ಔತಣ ಮುಗಿದ ಮೇಲೆ ಕುರ್ಚಿ ಎತ್ತಿಡುವಂಥ ಕೆಲಸವಾಗಿತ್ತು.

"ಎಲ್ರೂ ಮಂಚ ತಿರುಗಿಸ್ತಾರೆ. ಬಾಗಿಲು ಮಗುಚಿದ್ದು ಇಲ್ಲೇ ನೋಡಿದ್ದು."

"ಮಂಚ ತಿರುಗಿಸಿದ್ರೆ ಹೋಗೋಳಲ್ಲ ಅವಳು." ಲಿನ್ವಲ್ ದನಿ ತಗ್ಗಿಸಿದ. "ಬದುಕಿದ್ದಾಗಲೇ ಓಬಿಯಾ ಮಾಡೋನನ್ನ ಕರೆಸಿ, ತನ್ನ ನೆರಳನ್ನ ಇದಕ್ಕೆ ಕಟ್ಟಿಸಿಕೊಂಡಿದ್ಲು. ಸತ್ತರೂ ಮನೆ ಬಿಟ್ಟು ಹೋಗಬಾರದು ಅಂತ ಮಾಟ. ತನ್ನ ಬೀರು ತನಗೇ ಗುರುತು ಸಿಗದೆ ಇಷ್ಟು ವರ್ಷ ಅಲೀತಾ ಇದಾಳೆ."

"ಗುರುತು ಸಿಕ್ಕಿದ್ರೆ ಒಳ್ಳೇದೇ. ಬಾಡಿಗೇಲಿ ಅರ್ಧ ಅವಳ ಹತ್ರ ಇಸ್ಕೋತೀನಿ."

ಮಹಾಗನಿ ಮರ ಅದು. ಅಡಿಯ ಮೂಲೆಯಲ್ಲಿ ಉಗುರಿನಿಂದ ಗೀರಿದಾಗಲೇ ಅವಳಿಗೆ ತಿಳಿದಿತ್ತು. ಬೀರುವನ್ನು ಗಾಡಿಗೆ ಏರಿಸುವ ಹೊತ್ತಿಗೆ ಜಗಲಿಯಲ್ಲಿ ಅವರೆಕಾಳು ಸುಲಿಯುತ್ತಿದ್ದ ಮುದುಕಿ ತಲೆಯೆತ್ತಿ, ಲಿನ್ವಲ್‌ನನ್ನೇ ನೋಡುತ್ತಾ ಮರ್ಯಾದೆಯಿಂದ ಕೇಳಿದಳು. "ಯಾರು ಬೇಕಾಗಿತ್ತು ನಿಮಗೆ? ಲಿನ್ವಲ್ ಮನೇಲಿಲ್ಲ."

"ಆಗ್ಲಮ್ಮ," ಎಂದ ಲಿನ್ವಲ್ ನೆಲ ನೋಡುತ್ತಾ. "ಆಮೇಲೆ ಬರ್ತೀನಿ."

ಕಂಬಕ್ಕೆ ಕಟ್ಟಿದ್ದ ನಾಯಿಯೂ ಅವನನ್ನು ಕಂಡು ಗುರುಗುಟ್ಟಿತು.

"ಯಾರು ಅವರು?" ಎಂದಳು ಒನೀಕ.

"ನನ್ನ ಹೆಂಡತಿ."

ಪಾಪ, ಅರಳುಮರುಳು ಎಂದುಕೊಂಡಳು. ಮನಸ್ಸಿನ ತುಂಬ ಮಗಳೇ ಇದ್ದುದರಿಂದ ಅದಕ್ಕಿಂತ ಹೆಚ್ಚು ಯೋಚಿಸಲಿಲ್ಲ.

ಮಗಳು ಟೇವಿಯಾಗೆ ನಾಲ್ಕು ವರ್ಷ. ಅವಳಪ್ಪ ಹಡಗಿನ ಕೆಲಸಕ್ಕೆಂದು ಹೋದವನು ಹಡಗಿನಲ್ಲೇ ಇನ್ನೊಂದು ಸಂಸಾರ ಹುಡುಕಿಕೊಂಡಿದ್ದ. ಒನೀಕ ಕಿಂಗ್‌ಸ್ಟನ್ ಬಿಟ್ಟು ಈ ಊರಿನ ಬೇಕರಿಯಲ್ಲಿ ಕೆಲಸ ಹಿಡಿದು, ಎರಡು ಕೋಣೆಯ ಮನೆ ಮಾಡುವವರೆಗೆ ಮಗು ಮಾಂಟಿಗೊ ಬೇಯಲ್ಲಿ ಅವನ ತಾಯಿ ಮಿಸ್ ವರ್ನೀಸ್ ಹತ್ತಿರ ಇತ್ತು. ಈಗ ಮುದುಕಿ ಬಿಡಲೊಲ್ಲಳು.

"ಮಗೂಗೆ ಬಟ್ಟೆ ಇಡೋಕೆ ಒಂದು ಬೀರು ಇಲ್ಲದ್ದು ಮನೆ ಏನೇ?" ಎಂದಿದ್ದಳು ಫೋನಿನಲ್ಲಿ. "ಹಣ್ಣಿನ ಪೆಟ್ಟಿಗೇಲಿ ಇಡ್ತೀಯಂತೆ. ಅದೇನು ಮಾವಿನಹಣ್ಣಾ? ಭಾನುವಾರ ಮಗೂನ ಕರ್ಕೊಂಡೇ ಬರ್ತೀನಿ. ಮನೆ ಮನೆ ಥರ ಕಂಡ್ರೆ ಬಿಟ್ಟು ಹೋಗ್ತೀನಿ. ಇಲ್ಲಾಂದ್ರೆ ಇಲ್ಲೇ ಶಾಲೆಗೆ ಹಾಕ್ತೀನಿ. ಆಮೇಲೆ ನನ್ನ ಬಾಗಿಲಿಗೆ ಬಂದು ಅಳಬೇಡ."

ಹಣ್ಣಿನ ಪೆಟ್ಟಿಗೆಯ ಮಾತು ಒನೀಕಳಿಗೆ ಚುಚ್ಚಿತ್ತು. ಆ ಪೆಟ್ಟಿಗೆಗಳನ್ನು ಅವಳು ಉಜ್ಜಿ, ಹಳದಿ ಬಳಿದು, ಗೋಡೆಗೆ ಪುಸ್ತಕದ ಗೂಡುಗಳನ್ನಾಗಿ ಹೊಡೆದಿದ್ದಳು. ಹಳೆಯ ಟಯರಿಗೆ ಹಗ್ಗ ಸುತ್ತಿ ಮಗುವಿಗೆ ಕೂರಲು ಮೆತ್ತೆ ಮಾಡಿದ್ದಳು. ಯಾರದೋ ಮುರಿದ ಕಿಟಕಿಯ ಬಾಗಿಲು ಅವಳ ಕೈಯಲ್ಲಿ ಮಂಚದ ತಲೆದೆಸೆಯಾಗಿತ್ತು. ಕೈಬೆರಳುಗಳ ಸಂದಿಯಲ್ಲಿ ಬಣ್ಣ ಹೋಗದೆ ಉಳಿದಿತ್ತು. ಇನ್ನೊಂದೇ ಬಾಕಿ. ಬೀರು.

ಬುಧವಾರ ಬೇಕರಿಯಿಂದ ಬಂದವಳೇ ಕೆರೆಯಲು ಕೂತಳು.

ಥಿನ್ನರಿನ ಘಾಟಿಗೆ ಕಣ್ಣು ಉರಿಯಿತು. ಹಸಿರು ಬಣ್ಣ ಸುಟ್ಟ ಚರ್ಮದಂತೆ ಗುಳ್ಳೆಯೆದ್ದು, ಕಬ್ಬಿಣದ ಪಟ್ಟಿಗೆ ಸುರುಳಿ ಸುರುಳಿಯಾಗಿ ಬಂತು. ಅದರ ಕೆಳಗೆ ನೀಲಿ. ದಪ್ಪನೆಯ, ಒರಟಾದ ನೀಲಿ. ಪಟ್ಟಿ ತಾಗಿದಾಗ ಕರಕರ ಎನ್ನುತ್ತಿತ್ತು. ತುಟಿಗೆ ಹಾರಿದ ಪುಡಿಯನ್ನು ನೆಕ್ಕಿದಳು. ಉಪ್ಪು. ಬಣ್ಣಕ್ಕೆ ಯಾರಾದರೂ ಉಪ್ಪು ಕಲಸುತ್ತಾರೆಯೇ? ಕುಡುಕ ಮುದುಕ ಎಂದು ಬೈದುಕೊಂಡು ಮರಳುಕಾಗದ ಹಿಡಿದು ಉಜ್ಜಿದಳು. ನೀಲಿಯ ಅಡಿಯಿಂದ ಮರ ಮೇಲೆದ್ದು ಬಂತು, ಹಸಿ ಮಾಂಸದಂಥ ಕೆಂಪು.

ಕೊನೆಯ ನೀಲಿ ಉದುರಿದಾಗ ಕೋಣೆಯ ವಾಸನೆ ಬದಲಾಯಿತು. ಥಿನ್ನರಿನ ಘಾಟು ಎಲ್ಲಿ ಹೋಯಿತೋ. ಹೊಲಿಗೆ ಯಂತ್ರದ ಎಣ್ಣೆ, ಬೆವರಿದ ಬಟ್ಟೆ, ಕಾಯಿಲೆಯವರ ಹಣೆಗೆ ಹಚ್ಚುವ ಬೇ ರಮ್. ಒಳಗಿನ ಮೇಲಿನ ಹಲಗೆಯಲ್ಲಿ ಒಂದು ಮೊಳೆ ಇತ್ತು. ಅದಕ್ಕೆ ಕಪ್ಪು ದಾರ ಸುತ್ತಿತ್ತು. ದಾರದ ಜೊತೆ ನರೆಗೂದಲು. ಒನೀಕ ಮುಖ ಸಿಂಡರಿಸಿ ಇಕ್ಕಳದಿಂದ ಎಳೆದಳು. ಮೊಳೆ ಕಿರುಚುತ್ತಾ ಬಂತು. ಅದನ್ನು ಕಸಕ್ಕೆ ಎಸೆದು, ಕೀಲು ಬಿಚ್ಚಿ, ಬಾಗಿಲನ್ನು ನೆಟ್ಟಗೆ ಮಾಡಿ, ಕನ್ನಡಿ ಹೊರಗೆ ಬರುವಂತೆ ಕೂರಿಸಿದಳು.

ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡಳು. ಬೆವರಿದ ಮುಖ, ಮೂಗಿನ ಮೇಲೆ ನೀಲಿ ಪುಡಿ. ಒಳ್ಳೆಯ ಕೆಲಸವಾಯಿತೆಂದು ತಿರುಗಿ ಹೊರಟಳು. ಕನ್ನಡಿಯೊಳಗಿನವಳು ತುಸು ತಡವಾಗಿ ತಿರುಗಿದಳೇ? ಹಳೆಯ ಗಾಜು. ಹಳೆಯ ಗಾಜಿನಲ್ಲಿ ಹಾಗೆ ಆಗುತ್ತದೆ. ಹಾಗೆ ಆಗುತ್ತದೆಂದು ಎಲ್ಲಿಯೂ ಕೇಳಿರಲಿಲ್ಲ, ಆದರೂ ಅಂದುಕೊಂಡಳು.

ಮರುದಿನ ಬ್ರೆಡ್ಡಿನ ತುಂಡು ಬಾಯಿಗಿಟ್ಟಾಗ ನಾಲಿಗೆಗೆ ಏನೋ ಚುಚ್ಚಿತು. ಗುಂಡುಸೂಜಿ. ದಿಂಬಿನಲ್ಲೊಂದು. ಚಪ್ಪಲಿಯಲ್ಲೊಂದು. ಪಕ್ಕದ ಕೋಣೆಯಲ್ಲಿ ಕತ್ತರಿಯ ಸದ್ದು ಕೇಳುತ್ತಿತ್ತು. ಕರ್‌ರ್, ಕರ್‌ರ್, ದಪ್ಪ ಬಟ್ಟೆ ಕತ್ತರಿಸುವಾಗ ಬರುವಂಥದ್ದು. ಅವಳು ಹೋಗಿ ನಿಂತರೆ ನಿಲ್ಲುತ್ತಿತ್ತು. ಇಲಿ ಇರಬೇಕೆಂದು ಬೋನು ತಂದಿಟ್ಟಳು.

ಶುಕ್ರವಾರ ಬೀರು ತೆರೆದು ತನ್ನ ಕೆಂಪು ಲಂಗ ತೊಟ್ಟಳು. ಸೊಂಟದಲ್ಲಿ ನಿಲ್ಲಲಿಲ್ಲ, ಜಾರಿ ಬಿತ್ತು. ಹಸಿರು ರವಿಕೆ ಹಾಕಿದರೆ ತೋಳು ಮೊಣಕೈಗೇ ಮುಗಿಯಿತು. ಎಲ್ಲ ಬಟ್ಟೆಗಳನ್ನೂ ಹಾಸಿಗೆಯ ಮೇಲೆ ಸುರಿದಳು. ಒಂದೊಂದನ್ನೂ ಬಿಚ್ಚಿ ಮತ್ತೆ ಹೊಲಿದಿದ್ದರು. ಸಣ್ಣ ಸಣ್ಣ, ಒಂದೇ ಸಮನಾದ ಕೈಹೊಲಿಗೆ. ಗಿಡ್ಡನೆಯ, ಸೊಂಟ ಅಗಲವಾದ ಯಾರೋ ಒಬ್ಬಳ ಅಳತೆಗೆ.

ತಳದಲ್ಲಿ ಟೇವಿಯಾಳ ಹಳದಿ ಫ್ರಾಕು ಇತ್ತು. ಭಾನುವಾರ ತೊಡಿಸಲೆಂದು ತಂದದ್ದು. ಅದರ ಜೇಬುಗಳನ್ನು ಹೊಲಿದು ಮುಚ್ಚಿದ್ದರು. ಬೆನ್ನನ್ನು ಕತ್ತಿನಿಂದ ಅಂಚಿನವರೆಗೆ ಸೀಳಿ, ಕಟ್ಟಲು ದಾರ ಇಟ್ಟಿದ್ದರು.

ಬದುಕಿದ್ದವರಿಗೆ ಯಾರೂ ಹಾಗೆ ಹೊಲಿಯುವುದಿಲ್ಲ. ಮಲಗಿದವರನ್ನು ಏಳಿಸದೆ ತೊಡಿಸುವ ಬಟ್ಟೆಗೇ ಬೆನ್ನು ಸೀಳುವುದು.

ಶನಿವಾರ ಬೆಳಗಾಗುತ್ತಲೇ ಅವಳು ಲಿನ್ವಲ್‌ನ ಅಂಗಳದಲ್ಲಿದ್ದಳು. ಚಂಡಮಾರುತ ಬರುತ್ತದೆಂದು ರೇಡಿಯೊ ಹೇಳಿತ್ತು. ಅವನು ಕಿಟಕಿಗಳಿಗೆ ಹಲಗೆ ಹೊಡೆಯುತ್ತಿದ್ದ. ಅವಳ ಮುಖವನ್ನೂ ಕೈಯಲ್ಲಿದ್ದ ಪುಟ್ಟ ಫ್ರಾಕನ್ನೂ ನೋಡಿದವನೇ ಸುತ್ತಿಗೆ ಕೆಳಗಿಟ್ಟ.

"ಕೆರೆದೆ."

"ಹೂಂ."

"ಬಾಗಿಲು?"

"ನೆಟ್ಟಗೆ ಮಾಡಿದೆ."

"ಮೊಳೆ?"

ಅವಳು ಇಕ್ಕಳದಿಂದ ಎಳೆದಂತೆ ಕೈಮಾಡಿ ತೋರಿಸಿದಳು. ಲಿನ್ವಲ್ ಉಗುಳಿದ. "ಬೀದೀಲಿ ಹೋಗೋ ಮಾರೀನ ಕರೆದು ಮನೇಲಿ ಮಣೆ ಹಾಕಿದೆ. ಬೀರಿನ ಗುರುತು ಸಿಕ್ಕಿದ್ರೂ ಮೊಳೆ ಇರೋವರೆಗೂ ಅದನ್ನ ದಾಟಿ ಬರೋಕಾಗ್ತಿರ್ಲಿಲ್ಲ. ಇನ್ನು ಅವಳಿಗೆ ಮೈ ಬೇಕು. ನಿನ್ನ ಮೈ ತಗೊಂಡು ಆ ಮನೇಲಿ ಬದುಕ್ತಾಳೆ. ಮಗು ಅಡ್ಡ ಬಂದ್ರೆ ಅದಕ್ಕೂ ಬಟ್ಟೆ ಹೊಲೀತಾಳೆ."

"ಹೊಲಿದಿದಾಳೆ." ಒನೀಕ ಫ್ರಾಕನ್ನು ಅವನ ಮುಖಕ್ಕೆ ಹಿಡಿದಳು. "ನೋಡಿ. ಇದನ್ನ ನೋಡಿ. ನಿಮಗೆ ಇಷ್ಟೆಲ್ಲ ಗೊತ್ತಿತ್ತು. ಗೊತ್ತಿದ್ದೂ ನನಗೆ ಮಾರಿದ್ರಿ!"

"ಹೇಳಿದ್ದೆನಲ್ಲ."

"ಹೇಳಿ ಮಾರಿದ್ರೆ ಪಾಪ ಬರಲ್ವಾ?"

"ಎಷ್ಟು ವರ್ಷ ಇಟ್ಕೊಂಡು ಕಾಯ್ಲಿ?" ಅವನೂ ಕೂಗಿದ. "ಮಳೆಗೆ ಬಣ್ಣ ಏಳ್ತಾ ಇತ್ತು. ಇನ್ನೊಬ್ಬರ ಸೂರಿನ ಕೆಳಗೆ ಹೋಗಿ ಬೀಳ್ಲಿ ಅಂದೆ. ಹೌದು, ಅಂದೆ. ನನ್ನ ಹೆತ್ತ ತಾಯಿ ಅವಳು. ಸತ್ತ ಮೇಲೆ ಮೊದಲು ನನ್ನ ಹತ್ರಾನೇ ಬಂದ್ಲು, ಗೊತ್ತಾ ನಿನಗೆ?"

ಒಳಗೆ ಹೋಗಿ ಒಂದು ಚಿಕ್ಕ ಡಬ್ಬಿ ತಂದ. ಮುಚ್ಚಳ ತುಕ್ಕು ಹಿಡಿದಿತ್ತು. "ಅದೇ ನೀಲಿ. ಉಪ್ಪು ಹಾಕಿ ಮಂತ್ರಿಸಿದ್ದು. ಬೀರಿಗೆ ಬಳಿದು ಇನ್ನು ಪ್ರಯೋಜನ ಇಲ್ಲ, ಅವಳು ನೋಡಿಬಿಟ್ಟಿದಾಳೆ. ನೀನು ಬಳ್ಕೋಬೇಕು. ಮುಖಕ್ಕೆ. ಆಗ ಅವಳಿಗೆ ನಿನ್ನ ಗುರುತು ಸಿಗಲ್ಲ. ತಾಯಿ ಗುರುತು ಸಿಗದಿದ್ರೆ ಮಗಳ ಗುರುತೂ ತಪ್ಪುತ್ತೆ."

"ತೊಳೆದರೆ ಹೋಗುತ್ತಾ?"

"ಬಣ್ಣ ಹೋಗುತ್ತೆ."

ಜಗಲಿಯಿಂದ ಅವನ ಹೆಂಡತಿ ಕೂಗಿ ಕೇಳಿದಳು. "ಯಾರಪ್ಪ ಅದು? ಗಾಳಿ ಬರೋ ಹೊತ್ತಿಗೆ ನಮ್ಮ ಕಿಟಕೀಗೆ ಹಲಗೆ ಹೊಡೀತಿರೋರು? ದೇವರು ಒಳ್ಳೇದು ಮಾಡ್ಲಿ. ಲಿನ್ವಲ್ ಬಂದ್ಮೇಲೆ ಹೇಳ್ತೀನಿ."

ಲಿನ್ವಲ್ ಸುತ್ತಿಗೆ ಎತ್ತಿಕೊಂಡ. ಒನೀಕ ಅವನನ್ನು ನೋಡಿದಳು. ಆ ಮುದುಕಿಯನ್ನು ನೋಡಿದಳು. ಅರಳುಮರುಳು ಯಾರಿಗೂ ಆಗಿರಲಿಲ್ಲ. ಈ ನೀಲಿಯನ್ನು ಅವನೂ ಒಮ್ಮೆ ಮುಖಕ್ಕೆ ಬಳಿದುಕೊಂಡಿದ್ದ.

ಡಬ್ಬಿ ತೆಗೆದುಕೊಂಡಳು. ಮುಚ್ಚಳ ಮಾತ್ರ ತೆಗೆಯಲಾರೆ ಎಂದುಕೊಂಡಳು.

ಬೀರುವನ್ನೇ ಹೊರಗೆ ಹಾಕಿದರಾಯಿತಲ್ಲ. ಭುಜ ಕೊಟ್ಟು ತಳ್ಳಿದಳು. ನೆಲಕ್ಕೆ ಬೇರು ಬಿಟ್ಟಂತೆ ನಿಂತಿತ್ತು. ನೆರೆಯವರು ಬಾಗಿಲು ತೆರೆಯಲಿಲ್ಲ, ಎಲ್ಲರಿಗೂ ತಮ್ಮ ತಮ್ಮ ಸೂರಿನ ಚಿಂತೆ. ಕೊಡಲಿ ಎತ್ತಿ ಹೊಡೆದಳು. ಕೊಡಲಿಯ ಕಾವು ಮುರಿದು ಅಂಗೈ ಸೀಳಿತು. ಮಿಸ್ ವರ್ನೀಸ್‌ಗೆ ಫೋನು ಮಾಡಿ, "ನಾಳೆ ಬರಬೇಡಿ, ಗಾಳಿ ಬರುತ್ತೆ," ಎಂದಳು.

"ಗಾಳಿ ಸಂಜೆಗೆ. ನಾನು ಮಧ್ಯಾಹ್ನವೇ ಬಂದು ಹೋಗ್ತೀನಿ," ಎಂದಳು ಮುದುಕಿ. "ನೆಪ ಹೇಳಬೇಡ. ಮನೆ ತಯಾರಿಲ್ಲ ಅಂತ ಹೇಳು."

ಮತ್ತೆ ಮಾಡಿದಾಗ ಫೋನು ಸತ್ತಿತ್ತು.

ಭಾನುವಾರ ಗಾಳಿ ರೇಡಿಯೊದ ಮಾತು ಕೇಳಲಿಲ್ಲ. ಬೆಳಗ್ಗೆಯೇ ಬಂತು. ವಿದ್ಯುತ್ತು ಹೋಯಿತು. ಕಿಟಕಿಗೆ ಹಲಗೆ ಬಡಿದಿದ್ದರಿಂದ ಹಗಲು ಹೊತ್ತಿನಲ್ಲೇ ಮನೆಯೊಳಗೆ ಬಾವಿಯಂಥ ಕತ್ತಲೆ. ತಗಡಿನ ಸೂರು ಉಸಿರೆಳೆದು ಬಿಡುತ್ತಿತ್ತು. ಒನೀಕ ಹೊರಬಾಗಿಲಿನ ಬಳಿ ಕೂತಿದ್ದಳು, ಮಡಿಲಲ್ಲಿ ಡಬ್ಬಿ. ಮಗು ಬಂದ ಕೂಡಲೇ ಹೊಸ್ತಿಲಿನಿಂದಲೇ ಹಿಂದೆ ಕಳಿಸಬೇಕು. ಮುದುಕಿ ಏನು ಬೇಕಾದರೂ ಅನ್ನಲಿ. ಶಾಲೆಗೆ ಅಲ್ಲೇ ಹಾಕಲಿ. ಬದುಕಿದ್ದರೆ ಸಾಕು.

ಬೇ ರಮ್ಮಿನ ವಾಸನೆ ಬಂತು.

ಕುತ್ತಿಗೆಗೆ ಏನೋ ತಣ್ಣಗೆ ಸುತ್ತಿತು. ಪಟ್ಟಿಯಂಥದ್ದು. ಬಿಚ್ಚಿತು. ಭುಜದಿಂದ ಭುಜಕ್ಕೆ ಚಾಚಿತು. ಬಿಚ್ಚಿತು. ಸೊಂಟಕ್ಕೆ ಸುತ್ತಿತು. ಅಳತೆ ಟೇಪು. ಕಿವಿಯ ಹಿಂದೆ, ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡು ಗೊಣಗುವ ಹೆಂಗಸಿನ ಉಸಿರು. ಒನೀಕ ಏಳಬೇಕೆಂದಳು. ಕಾಲು ಏಳಲಿಲ್ಲ. ಕೋಣೆಯ ಬೀರು ಕಿರ್ರೆಂದು ತೆರೆಯಿತು. ಕನ್ನಡಿ ಅವಳತ್ತ ತಿರುಗಿತು. ಅಲ್ಲಿ ಅವಳು ನಿಂತಿದ್ದಳು. ಇಲ್ಲಿ ಅವಳು ಕೂತಿದ್ದಳು.

ಹೊರಗೆ ಕಾರಿನ ಬಾಗಿಲು ಬಡಿಯಿತು.

"ಮಮ್ಮೀ!"

ಒನೀಕ ಬಾಯಿ ತೆರೆದಳು. ದನಿ ಬರಲಿಲ್ಲ. ದನಿ ಕನ್ನಡಿಯಿಂದ ಬಂತು. ಅವಳದೇ ದನಿ, ಅವಳದೇ ಮುದ್ದು. "ಬಾ ಕಂದ. ಒಳಗೆ ಬಾ. ನಿನಗೆ ಹೊಸ ಫ್ರಾಕು ಹೊಲಿದಿದೀನಿ."

ಪುಟ್ಟ ಹೆಜ್ಜೆಗಳು ನೀರಿನಲ್ಲಿ ಪಚಪಚ ಎಂದವು. ಮೆಟ್ಟಿಲು. ಇನ್ನೊಂದು ಮೆಟ್ಟಿಲು. ಅವಳ ಕಾಲು ಕಲ್ಲಾಗಿತ್ತು. ಕೈ ಮಾತ್ರ ತನ್ನದಾಗಿತ್ತು. ಸೀಳಿದ ಅಂಗೈ. ಡಬ್ಬಿ. ಮುಚ್ಚಳಕ್ಕೆ ಉಗುರು ಸಿಕ್ಕಿಸಿದಳು. ಉಗುರು ಕಿತ್ತುಬಂತು. ಮುಚ್ಚಳವೂ ಬಂತು. ಯೋಚಿಸಬಾರದು. ಲಿನ್ವಲ್‌ನ ಹೆಂಡತಿಯನ್ನು ನೆನೆಯಬಾರದು. ಬೊಗಸೆ ತುಂಬ ಎತ್ತಿದಳು. ಹಣೆಗೆ. ಕಣ್ಣಿಗೆ. ಕೆನ್ನೆಗೆ. ಬಾಯಿಗೆ. ಉಪ್ಪು. ಉರಿ.

ಟೇಪು ಜಾರಿತು.

ಉಸಿರು ಕಿವಿಯಿಂದ ದೂರವಾಯಿತು. ಕೋಣೆಯೊಳಗೆ ಯಾರೋ ಗೋಡೆ ತಡವುತ್ತಾ, ಮೂಸುತ್ತಾ, ಸುತ್ತತೊಡಗಿದರು. ಎಲ್ಲಿ ಹೋದಳು? ಎಲ್ಲಿ ಹೋದಳು? ಒನೀಕಳ ಕಾಲಿಗೆ ಜೀವ ಬಂತು. ಎದ್ದಳು.

ಬಾಗಿಲು ತೆರೆಯಿತು. ಮಿಸ್ ವರ್ನೀಸ್ ಕೈಯಲ್ಲಿ ಟಾರ್ಚು. ಬೆಳಕು ಹಳದಿ ಗೂಡುಗಳ ಮೇಲೆ, ಹಗ್ಗದ ಮೆತ್ತೆಯ ಮೇಲೆ, ಮಂಚದ ಮೇಲೆ ಹಾದು ಒನೀಕಳ ಮುಖಕ್ಕೆ ಬಂತು. ಟೇವಿಯಾ ಅವಳನ್ನು ನೋಡಿದಳು. ಅಜ್ಜಿಯ ಲಂಗ ಹಿಡಿದುಕೊಂಡಳು.

"ಅಜ್ಜೀ, ಈ ಹೆಂಗಸು ಯಾರು?"

"ನಾನು ಕಂದ..."

"ಒನೀಕ ಎಲ್ಲೇ?" ಎಂದಳು ಮಿಸ್ ವರ್ನೀಸ್ ಗಡಸಾಗಿ. "ನೀನ್ಯಾರು? ಅವಳ ಮನೇಲಿ ಏನು ಮಾಡ್ತಿದೀಯ?"

ಮಗುವಿನ ಕಣ್ಣು ಅವಳನ್ನು ದಾಟಿ ಕೋಣೆಯೊಳಗೆ ಹೋಯಿತು. ಮುಖ ಅರಳಿತು. "ಮಮ್ಮಿ ಅಲ್ಲಿದಾಳೆ!"

ಕನ್ನಡಿಯಲ್ಲಿ ಒನೀಕ ಮಂಡಿಯೂರಿ ಎರಡೂ ಕೈ ಚಾಚಿದ್ದಳು. ಅವಳಿಂದ ಬಿಟ್ಟುಹೋದ ಮುಖವನ್ನು ಆ ದರ್ಜಿ ಹೆಂಗಸು ತೊಟ್ಟುಕೊಂಡಿದ್ದಳು. ತುಟಿಯ ತುದಿಯಲ್ಲಿ ಒಂದು ಗುಂಡುಸೂಜಿ ಮಿನುಗುತ್ತಿತ್ತು. ಮಗು ಅಜ್ಜಿಯ ಕೈ ಕೊಡವಿ ಓಡಿತು.

ಕೊಡಲಿಯ ತಲೆ ನೆಲದ ಮೇಲಿತ್ತು. ಒನೀಕ ಎತ್ತಿದಳು. ಮಗುವಿಗಿಂತ ಮೊದಲು ತಲುಪಬೇಕು. ತಲುಪಿದಳು. ಕನ್ನಡಿಯಲ್ಲಿ ತನ್ನದೇ ಮುಖ, ತನ್ನದೇ ಕಣ್ಣು, ಬೇಡ ಎಂದು ತಲೆಯಾಡಿಸಿತು. ಹೊಡೆದಳು. ಮತ್ತೆ ಹೊಡೆದಳು. ಗಾಜು ಸುರಿಯಿತು. ಚೂರು ಚೂರಿನಲ್ಲೂ ಅವಳ ಬಾಯಿ ಕಿರುಚುತ್ತಿತ್ತು. ಆಮೇಲೆ ಕಿರುಚುತ್ತಿದ್ದದ್ದು ಟೇವಿಯಾ ಒಬ್ಬಳೇ.

"ಮಮ್ಮೀನ ಹೊಡೆದ್ಲು! ಅಜ್ಜೀ, ಮಮ್ಮೀನ ಹೊಡೆದ್ಲು!"

ಮುದುಕಿ ಮಗುವನ್ನು ಬಾಚಿಕೊಂಡು ಗಾಳಿಗೆ ಓಡಿದಳು. ಕಾರು ಹೊರಟ ಸದ್ದು ಕೇಳಿತು. ಬೇ ರಮ್ಮಿನ ವಾಸನೆ ಕಡಿಮೆಯಾಗುತ್ತಾ ಹೋಗಿ ಬರೀ ಮಳೆಯ ವಾಸನೆ ಉಳಿಯಿತು. ಬೀರು ಬರೀ ಬೀರಾಗಿತ್ತು. ಒನೀಕ ಮುಖ ತೊಳೆದಳು. ಮತ್ತೆ ತೊಳೆದಳು. ಬಣ್ಣ ಹೋಯಿತು.

ಫಾಲ್ಮತ್‌ನ ವಿದ್ಯುತ್ ಕಂಬಗಳಿಗೆ ಕಾಣೆಯಾದ ಹೆಂಗಸಿನ ಚಿತ್ರ ಅಂಟಿಸಿದ್ದರು. ನೀಲಿ ಮುಖದ ಹುಚ್ಚಿಯೊಬ್ಬಳು ಒನೀಕಳನ್ನು ಏನೋ ಮಾಡಿದಳೆಂದು ಮಿಸ್ ವರ್ನೀಸ್ ಪೊಲೀಸರಿಗೆ ಹೇಳಿದ್ದಳು. ಚಿತ್ರ ಬಿಸಿಲಿಗೆ ಬಿಳಿಚುವವರೆಗೂ ಒನೀಕ ಎಷ್ಟೋ ಸಲ ಅದರ ಪಕ್ಕದಲ್ಲೇ ನಿಂತು ನೋಡಿದಳು. ಜೊತೆಗೆ ಬ್ರೆಡ್ಡು ಸುಟ್ಟವರು, ಮನೆ ಬಾಡಿಗೆಗೆ ಕೊಟ್ಟವರು, ಎಲ್ಲರೂ ಹಾದು ಹೋದರು. ಯಾರೂ ನಿಲ್ಲಲಿಲ್ಲ.

ಒಂದು ಸಂಜೆ ಮಾಂಟಿಗೊ ಬೇಯ ಆ ಗೇಟಿನ ಮುಂದೆ ನಿಂತಳು. ಕೈಯಲ್ಲಿ ಹಳದಿ ಫ್ರಾಕು. ಜೇಬಿನ ಹೊಲಿಗೆ ಬಿಚ್ಚಿದ್ದಳು. ಬೆನ್ನನ್ನು ಒಂದು ಮಾಡಿದ್ದಳು. ಅಂಗಳದಲ್ಲಿ ಆಡುತ್ತಿದ್ದ ಟೇವಿಯಾ ಆಟ ಬಿಟ್ಟು ಗೇಟಿನ ಹತ್ತಿರ ಬಂದಳು. ಒಂದಿಷ್ಟು ಎತ್ತರವಾಗಿದ್ದಳು. ಕಂಬಿಗಳ ಸಂದಿಯಿಂದ, ಅಜ್ಜಿ ಕಲಿಸಿದ ಮರ್ಯಾದೆಯಿಂದ, ಕೇಳಿದಳು.

"ಯಾರು ಬೇಕಾಗಿತ್ತು ನಿಮಗೆ? ನಮ್ಮಮ್ಮ ಮನೇಲಿಲ್ಲ."

ಒನೀಕ ಫ್ರಾಕನ್ನು ಗೇಟಿಗೆ ನೇತುಹಾಕಿದಳು.

"ಆಗ್ಲಮ್ಮ," ಎಂದಳು ನೆಲ ನೋಡುತ್ತಾ. "ಆಮೇಲೆ ಬರ್ತೀನಿ."